ಮಾಗಿಯ ಚಳಿಯಲ್ಲಿ ಬಸುರಿಯ ಉಡುಪು

ದೀಪಾವಳಿಯ ಹಣತೆಗಳನ್ನು ತೊಳೆದು ಎತ್ತಿಡುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಹೊತ್ತು ಮೈ ಕೊರೆಯುವ ಗಾಳಿ ಬೀಸತೊಡಗುತ್ತದೆ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ನುಸಿಗುಳಿಗೆಯ ವಾಸನೆ ಹೊತ್ತ ಸ್ವೆಟರುಗಳು, ಶಾಲುಗಳು, ಮಕ್ಕಳ ಟೊಪ್ಪಿಗಳು ಹೊರಬರುತ್ತವೆ. ಮನೆಯಲ್ಲಿ ಎಲ್ಲರಿಗೂ ಅವರವರ ಉಡುಪು ಸರಿಹೊಂದುತ್ತದೆ, ಒಬ್ಬಳಿಗೆ ಮಾತ್ರ ಇಲ್ಲ. ಕಳೆದ ವರ್ಷ ಸಡಿಲವಾಗಿದ್ದ ಸ್ವೆಟರಿನ ಮೂರನೆಯ ಗುಂಡಿ ಈ ವರ್ಷ ಕಾಜಾವನ್ನು ಮುಟ್ಟುವುದೇ ಇಲ್ಲ. ಅವಳು ಅದನ್ನು ತೆರೆದೇ ಹಾಕಿಕೊಂಡು, ಮೇಲೆ ಸೆರಗು ಎಳೆದುಕೊಂಡು, 'ನನಗೇನೂ ಅಷ್ಟು ಚಳಿಯಿಲ್ಲ' ಎಂದು ಅಡುಗೆಮನೆಗೆ ಹೋಗುತ್ತಾಳೆ. ಈ ಲೇಖನ ಅವಳಿಗಾಗಿ, ಮತ್ತು ಅವಳ ಮಾತನ್ನು ನಂಬಿ ಸುಮ್ಮನಾಗುವ ಮನೆಯವರಿಗಾಗಿ. ಮಾತಿನಲ್ಲಿ ಹೇಳಿದ ಅಳತೆಗಳು ಕೇಳಿದಷ್ಟೇ ಬೇಗ ಮರೆತುಹೋಗುತ್ತವೆ. ಆದ್ದರಿಂದ ಅವನ್ನು ಇಲ್ಲಿ ಬರಹದಲ್ಲಿ ಕೊಟ್ಟಿದ್ದೇವೆ.

ನಮ್ಮ ಅಂಗಡಿಗಳಲ್ಲಿ ಬಸುರಿಯರಿಗೆಂದೇ ಹೊಲಿದ ಚಳಿಗಾಲದ ಉಡುಪು ಸಿಗುವುದು ಅಪರೂಪ. ನೈಟಿ ಸಿಗುತ್ತದೆ, ಹಾಲೂಡಿಸುವ ಚೂಡಿದಾರ್ ಸಿಗುತ್ತದೆ. ಬೆಚ್ಚನೆಯದು ಬೇಕೆಂದರೆ ಅಂಗಡಿಯವರು ದೊಡ್ಡ ಅಳತೆಯ ಸ್ವೆಟರನ್ನು ಮುಂದಿಡುತ್ತಾರೆ. ಅದು ಭುಜದಿಂದ ಜಾರುತ್ತದೆ, ತೋಳು ಬೆರಳನ್ನು ಮುಚ್ಚುತ್ತದೆ, ಹೊಟ್ಟೆಯ ಮೇಲೆ ಮಾತ್ರ ಬಿಗಿಯಾಗಿಯೇ ಉಳಿಯುತ್ತದೆ. ಈಗ ಮೊಬೈಲಿನಲ್ಲಿ ತರಿಸಿಕೊಳ್ಳುವ ಅನುಕೂಲ ಬಂದಿದೆ, ನಿಜ. ಆದರೆ ಮೂರು ನಾಲ್ಕು ತಿಂಗಳು ಉಡುವ ಬಟ್ಟೆಗೆ ಸಾವಿರಾರು ರೂಪಾಯಿ ಸುರಿಯಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಬೇಕಾದದ್ದು ಬಹಳ ಕಡಿಮೆ, ತಿದ್ದಿಕೊಳ್ಳಬೇಕಾದದ್ದು ಹೆಚ್ಚು. ಕೊಂಡರೂ ತಿದ್ದಿದರೂ ಅದು ಮುಂದೆ ತೆರೆಯುವ ಉಡುಪಾಗಿರಲಿ. ಕಾರಣ ಮುಂದೆ ಗೊತ್ತಾಗುತ್ತದೆ.

ಮೊದಲು ನಮ್ಮ ಚಳಿ ಎಂಥದ್ದು ಎಂದು ನೋಡೋಣ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸಾಮಾನ್ಯ ಜನವರಿಯಲ್ಲಿ ಅಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಮಧ್ಯಾಹ್ನ 27-28ಕ್ಕೆ ಏರುತ್ತದೆ. ಬೀದರ, ವಿಜಯಪುರದ ಬಯಲಿನಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಆದರೆ ಮಧ್ಯಾಹ್ನ ಅಲ್ಲಿಯೂ ಬಿಸಿಲು ಚುರುಕಾಗಿಯೇ ಇರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಮಂಜಿನ ತೇವ ಬೇರೆ. ಅಂದರೆ ನಮಗಿರುವ ತೊಂದರೆ ಹಿಮದ ನಾಡಿನವರದ್ದಲ್ಲ. ಅವರಿಗೆ ದಿನವಿಡೀ ಒಂದೇ ಚಳಿ. ನಮಗೆ ಬೆಳಗ್ಗೆ ಆರಕ್ಕೆ ನಡುಕ, ಮಧ್ಯಾಹ್ನ ಒಂದಕ್ಕೆ ಬೆವರು, ಸಂಜೆ ಏಳಕ್ಕೆ ಮತ್ತೆ ನಡುಕ. ಬೆಳಗ್ಗೆ ಹಾಕಿದ ದಪ್ಪ ಉಡುಪನ್ನು ಮಧ್ಯಾಹ್ನ ತೆಗೆಯಲಾಗದಿದ್ದರೆ ಅದರಿಂದ ಸುಖಕ್ಕಿಂತ ಕಷ್ಟವೇ ಹೆಚ್ಚು.

ಬಸುರಿಯ ವಿಷಯದಲ್ಲಿ ಇದು ಇನ್ನೂ ನಿಜ. ಗರ್ಭ ಬೆಳೆದಂತೆ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತು ಐವತ್ತರಷ್ಟು ಹೆಚ್ಚುತ್ತದೆ. ಚರ್ಮಕ್ಕೆ ಹರಿಯುವ ರಕ್ತವೂ ಹೆಚ್ಚುತ್ತದೆ, ಮೈಯೊಳಗೆ ಹುಟ್ಟುವ ಶಾಖವೂ ಹೆಚ್ಚುತ್ತದೆ. ಆದ್ದರಿಂದ ಮನೆಯವರೆಲ್ಲ ಹೊದ್ದು ಕುಳಿತಿರುವಾಗ ಏಳು ತಿಂಗಳ ಬಸುರಿ 'ಸೆಕೆ' ಎಂದರೆ ಅದು ಬಿಂಕವಲ್ಲ. ಅದೇ ಹೆಣ್ಣುಮಗಳು ಬೆವರಿದ ರವಿಕೆಯಲ್ಲಿ ತಣ್ಣನೆಯ ಗಾಳಿಗೆ ಹೋದಾಗ ಎಲ್ಲರಿಗಿಂತ ಮೊದಲು ನಡುಗುತ್ತಾಳೆ. ಆದ್ದರಿಂದ ಅವಳಿಗೆ ಒಂದು ದಪ್ಪ ಉಡುಪಿಗಿಂತ ಒಂದೊಂದಾಗಿ ಹಾಕಿ, ಒಂದೊಂದಾಗಿ ತೆಗೆಯಬಹುದಾದ ತೆಳು ಉಡುಪುಗಳು ಬೇಕು.

ಇದರ ಗುಟ್ಟು ನಿಮ್ಮ ಮನೆಯ ಕೌದಿಯಲ್ಲೇ ಇದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಒಪ್ಪವಾಗಿ ಹೊಲಿದ ಕೌದಿಯಲ್ಲಿ ಉಣ್ಣೆಯ ಒಂದು ಎಳೆಯೂ ಇರುವುದಿಲ್ಲ. ಆದರೂ ಅದು ಬೆಚ್ಚಗಿಡುತ್ತದೆ. ಕಾರಣ, ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ತೆಳುವಾದ ಮೂರು ಬಟ್ಟೆಗಳ ನಡುವೆ ಎರಡು ಗಾಳಿಯ ಪದರಗಳು ಸಿಗುತ್ತವೆ. ಬಿಗಿಯಾದ ಉಡುಪಿನಲ್ಲಿ ಆ ಗಾಳಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಹೊಟ್ಟೆಯ ಮೇಲೆ ಎಳೆದು ಕೂರಿಸಿದ ಉಣ್ಣೆಯ ಸ್ವೆಟರಿಗಿಂತ ಸಡಿಲವಾದ ಹತ್ತಿಯ ಜುಬ್ಬದ ಮೇಲೆ ಹಾಕಿದ ಸಡಿಲ ಸ್ವೆಟರು ಹೆಚ್ಚು ಬೆಚ್ಚಗಿರುತ್ತದೆ.

ಮೈಗೆ ತಾಗುವ ಮೊದಲ ಪದರ ಹತ್ತಿಯದ್ದೇ ಆಗಿರಲಿ: ಬನಿಯನ್ ಬಟ್ಟೆಯ ತೋಳಿನ ಒಳಅಂಗಿ, ಮೆತ್ತಗಾದ ಹಳೆಯ ಜುಬ್ಬ, ಯಾವುದಾದರೂ ಸರಿ. ಬಸುರಿನಲ್ಲಿ ಹೊಟ್ಟೆಯ ಚರ್ಮ ಹಿಗ್ಗಿ ತುರಿಕೆ ಬರುವುದು ಸಾಮಾನ್ಯ. ಅದರ ಮೇಲೆ ನೇರವಾಗಿ ಉಣ್ಣೆಯೋ ನೈಲಾನೋ ತಾಗಿದರೆ ರಾತ್ರಿಯಿಡೀ ಕೆರೆತ. ಹತ್ತಿಗೆ ಒಂದು ದೋಷವಿದೆ. ಅದು ಬೆವರನ್ನು ಹೀರಿ ಒದ್ದೆಯಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಆದ್ದರಿಂದ ಹೊರಗೆ ಕೆಲಸಕ್ಕೆ ಹೋಗುವವರು ಇನ್ನೊಂದು ಒಳಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನ ಬದಲಿಸಿದರೆ ಸಂಜೆಯ ನಡುಕ ತಪ್ಪುತ್ತದೆ. ಎರಡನೆಯ ಪದರ ರವಿಕೆ ಸೀರೆ, ಅಥವಾ ಚೂಡಿದಾರ್. ಮೂರನೆಯದು ಉಣ್ಣೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಮಲೆನಾಡಿನ ಮಂಜಿಗೆ ಇದು ಹೇಳಿ ಮಾಡಿಸಿದ ಗುಣ. ನಮ್ಮ ಕುರುಬರ ಕರಿ ಕಂಬಳಿ ಮಳೆಯಲ್ಲೂ ಬೆಚ್ಚಗಿಡುವುದು ಇದೇ ಗುಣದಿಂದ. ಆದರೆ ಕಂಬಳಿ ಒರಟು, ತೂಕವೂ ಹೆಚ್ಚು. ಬಸುರಿಗೆ ಹೊದಿಸುವುದಾದರೆ ಕೆಳಗೊಂದು ಹತ್ತಿಯ ಹೊದಿಕೆ ಇರಲಿ.

ಮನೆಯಲ್ಲಿರುವುದನ್ನೇ ತಿದ್ದಿಕೊಳ್ಳಿ

ಗುಂಡಿ ಮುಟ್ಟದ ಆ ಸ್ವೆಟರಿಗೆ ಮತ್ತೆ ಬರೋಣ. ಅದನ್ನು ಎತ್ತಿಡಬೇಡಿ. ಅದರ ಎರಡು ಅಂಚುಗಳ ನಡುವೆ ಸೇರಿಸುವ ಒಂದು ಪಟ್ಟಿ ಸಾಕು. ಸ್ವೆಟರು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಹೊಟ್ಟೆಯ ಅತಿ ಉಬ್ಬಿದ ಭಾಗದಲ್ಲಿ ಎರಡು ಅಂಚುಗಳ ನಡುವೆ ಎಷ್ಟು ತೆರಪಿದೆ ಎಂದು ಅಳೆಯಿರಿ. ಆರನೆಯ ತಿಂಗಳಾಗಿದ್ದರೆ ಆ ಅಳತೆಗೆ ಮೂರು ನಾಲ್ಕು ಇಂಚು ಕೂಡಿಸಿ, ಏಕೆಂದರೆ ಮುಂದಿನ ತಿಂಗಳುಗಳಿಗೂ ಅದೇ ಬೇಕು. ಸಾಮಾನ್ಯವಾಗಿ ಕೆಳಗೆ ಆರರಿಂದ ಎಂಟು ಇಂಚು, ಎದೆಯ ಹತ್ತಿರ ಎರಡು ಇಂಚು ಅಗಲದ, ಮೇಲೆ ಕಿರಿದಾಗುತ್ತ ಹೋಗುವ ಪಟ್ಟಿ ಸರಿಹೋಗುತ್ತದೆ. ಸ್ವೆಟರಿನ ಕಾಜಾಗಳಿರುವ ಅಂಚಿಗೆ ಎದುರಾಗುವ ಪಟ್ಟಿಯ ಬದಿಗೆ ಗುಂಡಿಗಳನ್ನು ಹೊಲಿಯಿರಿ. ಗುಂಡಿಗಳಿರುವ ಅಂಚಿಗೆ ಎದುರಾಗುವ ಬದಿಗೆ ಕಾಜಾಗಳನ್ನು ಮಾಡಿ. ಹೆಣಿಗೆ ಬಲ್ಲವರು ಎರಡು ಸೀದಾ ಎರಡು ಉಲ್ಟಾ ಹೆಣೆದರೆ ಪಟ್ಟಿ ತಾನಾಗಿ ಹಿಗ್ಗುತ್ತದೆ. ಹೆಣಿಗೆ ಬಾರದವರು ಹಳೆಯ ಸ್ವೆಟರಿನ ಬೆನ್ನಿನ ಭಾಗವನ್ನು ಬಳಸಬಹುದು. ಆದರೆ ಕತ್ತರಿ ಹಾಕುವ ಮೊದಲು ಗುರುತು ಮಾಡಿದ ಗೆರೆಯ ಒಳಬದಿಗೆ ಎರಡು ಸಾಲು ಮಿಷಿನ್ ಹೊಲಿಗೆ ಹಾಕಿಸಿ, ಇಲ್ಲದಿದ್ದರೆ ಎಳೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಹೆರಿಗೆಯಾದ ಮೇಲೆ ಪಟ್ಟಿ ತೆಗೆದರೆ ಸ್ವೆಟರು ಮೊದಲಿನಂತೆಯೇ ನಿಮ್ಮದು.

ಗಂಡನ ಸ್ವೆಟರನ್ನು ಹಾಕಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಗುಂಡಿಯದ್ದಾದರೆ ಧಾರಾಳವಾಗಿ ಹಾಕಿಕೊಳ್ಳಿ, ಅವರು ಕೊಡುವುದಾದರೆ! ತಲೆಯ ಮೇಲಿಂದ ಹಾಕುವ ಸ್ವೆಟರು ಬೇಡ. ಎಂಟನೆಯ ತಿಂಗಳಲ್ಲಿ ಎರಡೂ ಕೈ ಮೇಲೆತ್ತಿ, ಮುಖ ಮುಚ್ಚಿಕೊಂಡು, ಒಂಟಿಯಾಗಿ ನಿಂತು ಅದನ್ನು ಎಳೆಯುವಾಗ ಆಯ ತಪ್ಪುವುದು ಸುಲಭ.

ಲಂಗದ ಲಾಡಿಯ ವಿಚಾರ ಯಾರೂ ಹೇಳುವುದಿಲ್ಲ, ಆದರೆ ಬಸುರಿಗೆ ದಿನವಿಡೀ ಕಾಟ ಕೊಡುವುದು ಅದೇ. ಚಳಿಗಾಲದಲ್ಲಿ ಸೀರೆ ಜಾರದಿರಲೆಂದು, ಗಾಳಿ ಒಳಹೋಗದಿರಲೆಂದು ಇನ್ನೂ ಬಿಗಿದು ಕಟ್ಟುತ್ತೇವೆ. ಹುರಿಯಂಥ ತೆಳು ಲಾಡಿ ಚರ್ಮವನ್ನು ಕೊರೆದು ಕಪ್ಪು ಗೆರೆ ಮೂಡಿಸುತ್ತದೆ. ಲಾಡಿಯ ಬದಲು ಎರಡು ಇಂಚು ಅಗಲದ ಮೆತ್ತನೆಯ ಬಟ್ಟೆಯ ಪಟ್ಟಿ ಹಾಕಿಸಿ, ಅಥವಾ ಅಗಲವಾದ ಮೃದು ಎಲಾಸ್ಟಿಕ್ ಹಾಕಿಸಿ, ಹೊಟ್ಟೆಯ ಕೆಳಗೆ ಬರುವಂತೆ ಕಟ್ಟಿ. ಸಲ್ವಾರಿಗೂ ಇದೇ ಕ್ರಮ. ಚಳಿ ಹೆಚ್ಚಿರುವ ಊರಿನವರು ಲಂಗದ ಕೆಳಗೆ ಹಳೆಯ ಹತ್ತಿ ಪೈಜಾಮ ಅಥವಾ ಬನಿಯನ್ ಬಟ್ಟೆಯ ಸಡಿಲ ಲೆಗಿಂಗ್ಸ್ ಹಾಕಿಕೊಳ್ಳುವುದು ಬಹಳ ಒಳ್ಳೆಯದು. ಸೀರೆಯ ಕೆಳಗೆ ಕಾಲಿಗೆ ಗಾಳಿ ತಾಗುವುದನ್ನು ಯಾವ ಶಾಲೂ ತಡೆಯಲಾರದು.

ರವಿಕೆಯ ಮಟ್ಟಿಗೆ ನಮ್ಮ ಹಿರಿಯರು ಜಾಣರು. ಉತ್ತರ ಕರ್ನಾಟಕದಲ್ಲಿ ಸೀಮಂತಕ್ಕೆ ಕುಬಸ ಎಂದೇ ಹೆಸರು. ಕುಬಸವೆಂದರೆ ರವಿಕೆ. ಬಸುರಿಗೆ ಹಳೆಯ ರವಿಕೆ ಹಿಡಿಸದಾಗುವ ಹೊತ್ತಿಗೆ ತವರಿನವರು ಹೊಸದನ್ನು ತಂದು ಉಡಿಸುವುದರಲ್ಲಿ ಪ್ರೀತಿಯ ಜೊತೆಗೆ ಲೆಕ್ಕವೂ ಇದೆ. ಈಗ ಆ ಲೆಕ್ಕ ತಪ್ಪಿದೆ. ಮೈಗೆ ಅಂಟಿದಂತೆ ಹೊಲಿಸಿದ, ಬೆನ್ನಿನಲ್ಲಿ ಹುಕ್ಕು ಇರುವ ಜರಿಯ ರವಿಕೆಯನ್ನು ಉಡುಗೊರೆ ಕೊಟ್ಟು ಫೋಟೋ ತೆಗೆಸಿ ಮುಗಿಸುತ್ತೇವೆ. ಗುಳೇದಗುಡ್ಡದ ಖಣ ಶುಭಕ್ಕಿರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮೆತ್ತನೆಯ ಹತ್ತಿಯ ಎರಡು ರವಿಕೆಗಳನ್ನೂ ಕೊಡಿ: ಹುಕ್ಕು ಮುಂದೆ, ತೋಳು ಮೊಣಕೈ ದಾಟುವಷ್ಟು ಉದ್ದ, ಉದ್ದಳತೆ ಎಂದಿಗಿಂತ ಎರಡು ಇಂಚು ಹೆಚ್ಚು. ದರ್ಜಿಗೆ ಹೇಳುವಾಗ ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಹೇಳಿ, ಒಂದರ ಪಕ್ಕ ಒಂದರಂತೆ ಮೂರು ಸಾಲು ಹೊಲಿಗೆ ಹಾಕಿಸಿ. ಮೈ ತುಂಬಿದಂತೆ ಒಂದೊಂದು ಸಾಲು ಬಿಚ್ಚುತ್ತ ಹೋದರಾಯಿತು. ಹೆರಿಗೆಯ ನಂತರ ಹಾಲು ತುಂಬಿದಾಗ ಕೊನೆಯ ಸಾಲನ್ನೂ ಬಿಚ್ಚಬೇಕಾಗುತ್ತದೆ.

ಅಂಗಡಿಗೆ ಹೋದಾಗ

ಕೊಳ್ಳುವುದಾದರೆ ಏನು ಕೊಳ್ಳಬೇಕು? ಒಂದು ಗುಂಡಿಯ ಸ್ವೆಟರು, ಎರಡು ಜೊತೆ ಕಾಲುಚೀಲ. ಇಷ್ಟೇ. ಚಳಿಗಾಲ ಬಂತೆಂದರೆ ನಮ್ಮ ಅನೇಕ ಊರುಗಳಲ್ಲಿ ಟಿಬೆಟಿಯನ್ನರು ರಸ್ತೆ ಬದಿಯಲ್ಲಿ ಸ್ವೆಟರಿನ ಅಂಗಡಿ ಹೂಡುತ್ತಾರೆ. ಬೈಲುಕುಪ್ಪೆ, ಮುಂಡಗೋಡಿನಂಥ ನೆಲೆಗಳಲ್ಲಿ 1960ರ ದಶಕದಿಂದ ಬಾಳುತ್ತಿರುವ ಈ ಜನರ ಹೊಟ್ಟೆಪಾಡಿನಲ್ಲಿ ಈ ವ್ಯಾಪಾರಕ್ಕೆ ದೊಡ್ಡ ಪಾಲಿದೆ. ಅಲ್ಲಿ ಸಿಗುವ ಮಾಲು ಹೆಚ್ಚಾಗಿ ಲೂಧಿಯಾನದ್ದು. ಅದರಲ್ಲಿ ಉಣ್ಣೆಯದೂ ಇರುತ್ತದೆ, ಆಕ್ರಿಲಿಕ್ ಎಂಬ ಕೃತಕ ನೂಲಿನದೂ ಇರುತ್ತದೆ. ನೋಡಲು ಎರಡೂ ಒಂದೇ. ಮನೆಗೆ ತಂದ ಮೇಲೆ ಒಳ ಹೊಲಿಗೆಯಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ಬೆಂಕಿ ತಾಗಿಸಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಆಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಆಕ್ರಿಲಿಕ್ ಕೆಟ್ಟದ್ದೇನಲ್ಲ. ಅಗ್ಗ, ಒಗೆಯಲು ಸುಲಭ, ಬೇಗ ಒಣಗುತ್ತದೆ. ಅದನ್ನು ಹಾಕಿಕೊಂಡು ಒಲೆಯ ಮುಂದೆ ನಿಲ್ಲಬಾರದು, ಅಷ್ಟೇ.

ಸ್ವೆಟರು ಆರಿಸುವಾಗ ಹೊಟ್ಟೆಗಿಂತ ಮೊದಲು ತೋಳನ್ನು ನೋಡಿ. ತಪಾಸಣೆಗೆ ಹೋದಾಗಲೆಲ್ಲ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಮೊಣಕೈಯ ಮೇಲೆ ಕಟ್ಟುತ್ತಾರೆ. ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ತೋಳನ್ನು ಬಿಗಿದು ಅಳತೆಯನ್ನು ಕೆಡಿಸಬಹುದು. ಬಸುರಿನಲ್ಲಿ ಈ ಅಳತೆ ತಪ್ಪುವಂತಿಲ್ಲ. ಒಂದು ತೋಳನ್ನು ಪೂರ್ತಿ ಕಳಚಲು ಬರುವಂಥ, ಮುಂದೆ ತೆರೆಯುವ ಸ್ವೆಟರಾದರೆ ಈ ತಾಪತ್ರಯವಿಲ್ಲ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ ಇದೆ. ಡಿಸೆಂಬರಿನ ಬೆಳಗ್ಗೆ ಎಂಟಕ್ಕೇ ಸಾಲಿನಲ್ಲಿ ಕುಳಿತಿರುವ ತಾಯಂದಿರನ್ನು ನೋಡಿದವರಿಗೆ ಗೊತ್ತು, ಅಲ್ಲಿನ ಕಲ್ಲುಬೆಂಚು ಎಷ್ಟು ತಣ್ಣಗಿರುತ್ತದೆಂದು. ತಾಯಿ ಕಾರ್ಡಿನ ಜೊತೆಗೆ ಮಡಿಸಿದ ಒಂದು ದಪ್ಪ ಟವೆಲನ್ನೂ ಒಯ್ಯಿರಿ, ಹಾಸಿಕೊಂಡು ಕೂರಲು.

ಟ್ರಂಕಿನಿಂದ ತೆಗೆದ ಉಡುಪನ್ನು ನೇರವಾಗಿ ಹಾಕಿಕೊಳ್ಳುವುದು ಬೇಡ. ನುಸಿಗುಳಿಗೆಯ ನ್ಯಾಫ್ತಲೀನ್ ಬಸುರಿಗೂ ಹಿತವಲ್ಲ. ಅದರಲ್ಲೂ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುವ ಒಂದು ರಕ್ತದ ದೋಷದಲ್ಲಿ ಅದು ರಕ್ತಕಣಗಳನ್ನೇ ಒಡೆದು ಕಾಮಾಲೆ ತರುತ್ತದೆ. ತಾಯಿಯ ಶಾಲು, ಕೂಸಿನ ಹೊದಿಕೆ ಎಲ್ಲವನ್ನೂ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ.

ಕೆಂಡ, ಒಲೆ, ಚಕ್ರ

ನನ್ನ ಚೊಚ್ಚಲ ಬಸುರಿನ ಚಳಿಗಾಲ ಬೀದರದಲ್ಲಿ ಕಳೆಯಿತು. ಸಂಕ್ರಾಂತಿಯ ಹಿಂದಿನ ವಾರ. ನನಗೆ ಬೆಚ್ಚಗಿರಲೆಂದು ಮನೆಯ ಹಿರಿಯರು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಕೋಣೆಯ ಮೂಲೆಯಲ್ಲಿಟ್ಟು, ಬಾಗಿಲು ಕಿಟಕಿ ಭದ್ರಮಾಡಿ ಹೋದರು. ಪ್ರೀತಿಯಿಂದಲೇ ಮಾಡಿದ್ದು. ರಾತ್ರಿ ಎಷ್ಟೋ ಹೊತ್ತಿಗೆ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ಎದ್ದು ಕೂರಲು ಕಾಲಿನಲ್ಲಿ ಬಲವಿರಲಿಲ್ಲ. ನರಳಿದ್ದು ಕೇಳಿ ಬಂದ ನಾದಿನಿ ಒಳಗೆ ಕಾಲಿಡುತ್ತಲೇ ಕೂಗಿದಳು: 'ಮೊದ್ಲ ಕಿಡಕಿ ತಗೀರಿ, ವೈನಿ ಹೊರಗ ಬರ್ಲಿ.' ಅವಳು ಆ ಹೊತ್ತಿನಲ್ಲಿ ಬಾರದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆಯಲು ಭಯವಾಗುತ್ತದೆ.

ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ಗರ್ಭದಲ್ಲಿರುವ ಕೂಸಿನ ರಕ್ತ ಅದನ್ನು ತಾಯಿಯ ರಕ್ತಕ್ಕಿಂತ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಬಿಡುವುದೂ ಇಲ್ಲ. ತಾಯಿ ಚೇತರಿಸಿಕೊಂಡ ಮೇಲೂ ಕೂಸಿಗೆ ಅಪಾಯ ಉಳಿದಿರಬಹುದು. ಆದ್ದರಿಂದ ಇಂಥ ತಲೆನೋವು, ವಾಂತಿ, ಬವಳಿ ಬಂದರೆ ಗಾಳಿಗೆ ಕರೆತಂದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಾಣಂತಿಯ ಕೋಣೆಗೂ ಇದೇ ಮಾತು. ಲೋಬಾನದ ಹೊಗೆ, ಕೆಂಡದ ಕಾವು ಹೊರಗಿನ ಪಡಸಾಲೆಯಲ್ಲಿರಲಿ. ಕೋಣೆಯನ್ನು ಕಾಯಿಸುವ ಬದಲು ಮೈಯನ್ನು ಸರಿಯಾಗಿ ಹೊದಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಅಡುಗೆಮನೆಗೆ ಹೋಗುವಾಗ ಶಾಲನ್ನು ಬಾಗಿಲ ಆಚೆಯ ಗೂಟಕ್ಕೆ ಹಾಕಿ ಹೋಗಿ. ಉಬ್ಬಿದ ಹೊಟ್ಟೆಯಿಂದಾಗಿ ನೀವು ಒಲೆಯಿಂದ ದೂರ ನಿಂತು ಮುಂದೆ ಬಾಗಿ ಕೈ ಚಾಚುತ್ತೀರಿ. ಇಳಿಬಿದ್ದ ಶಾಲಿನ ತುದಿಯೋ ಸಡಿಲ ತೋಳೋ ಉರಿಗೆ ಸಿಗುವುದು ಆಗಲೇ. ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಮೇಲೆ ನವಿರು ನಾರೆದ್ದ ಹತ್ತಿಯ ಫ್ಲ್ಯಾನೆಲ್ ಬೆಚ್ಚಗಿರುತ್ತದೆ, ಆದರೆ ಬೆಂಕಿ ತಾಗಿದರೆ ಬಹಳ ಬೇಗ ಹರಡುತ್ತದೆ. ಮೈಗೆ ಹತ್ತಿರವಾಗಿ ಕೂರುವ, ತೋಳನ್ನು ಮೊಣಕೈವರೆಗೆ ಮಡಿಸಿದ ಉಡುಪು ಒಲೆಯ ಮುಂದೆ ಕ್ಷೇಮ. ನೈಟಿ ನೆಲಕ್ಕೆ ಎಳೆಯುವಂತಿದ್ದರೆ ಕೆಳಗೆ ಮಡಿಸಿ ಹೊಲಿಸಿ, ಪಾದದ ಗೆಣ್ಣು ಕಾಣುವಷ್ಟು. ಹೊಟ್ಟೆ ಬೆಳೆದ ಮೇಲೆ ನಿಮ್ಮ ಕಾಲು ನಿಮಗೇ ಕಾಣುವುದಿಲ್ಲ.

ಸ್ಕೂಟರಿನ ಹಿಂದೆ ಕೂತು ಹೋಗಲೇಬೇಕಾದವರು ಶಾಲು, ದುಪಟ್ಟಾಗಳನ್ನು ಮನೆಯಲ್ಲೇ ಬಿಡಿ. ಹಿಂಬದಿಯ ಚಕ್ರದ ಅರ್ಧದಷ್ಟಾದರೂ ಮುಚ್ಚುವಂತೆ, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಿಮ್ಮ ಗಾಡಿಯಲ್ಲಿ ಅದು ಇದೆಯೇ ನೋಡಿ. ಗಾಳಿಗೆ ಎದೆ ಕೊಡಬೇಕಾದ್ದರಿಂದ ಅಲ್ಲಿ ಗುಂಡಿ ಹಾಕಿದ ಸ್ವೆಟರಿನ ಮೇಲೊಂದು ದಟ್ಟ ನೇಯ್ಗೆಯ ಹತ್ತಿಯ ಕೋಟು ಬೇಕು. ಉಣ್ಣೆಯ ಕಣ್ಣುಗಳಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ಕಿವಿಗೆ ತೆಳುವಾದ ಬಟ್ಟೆ ಸುತ್ತಿ, ಅದರ ಮೇಲೆ ಹೆಲ್ಮೆಟ್. ಗಂಟು ಹೆಲ್ಮೆಟ್ಟಿನ ಒಳಗೆ ಬಾರದಿರಲಿ. ಕಿವಿಗೆ ಗಾಳಿ ಹೋದರೆ ಕೂಸಿಗೆ ತೊಂದರೆ ಎಂದು ಹಿರಿಯರು ಹೆದರಿಸುತ್ತಾರೆ. ಹಾಗೇನೂ ಇಲ್ಲ, ಕಿವಿ ನೋಯುತ್ತದೆ ಅಷ್ಟೇ. ಆದರೂ ಅವರ ಮಾತು ಕೇಳಿದರೆ ನಷ್ಟವಿಲ್ಲ.

ಕಾಲಿಗೆ ಬರೋಣ. ಸಂಜೆಯ ಹೊತ್ತಿಗೆ ಬಸುರಿಯರ ಪಾದ ಊದುವುದು ಸಹಜ. ಆದ್ದರಿಂದ ಚಪ್ಪಲಿಯನ್ನು ಸಂಜೆ ಕೊಳ್ಳಿ, ಹಿಮ್ಮಡಿಗೆ ಪಟ್ಟಿ ಇರುವಂಥದ್ದನ್ನು ಕೊಳ್ಳಿ. ಕಾಲುಚೀಲದ ಎಲಾಸ್ಟಿಕ್ ಚರ್ಮದ ಮೇಲೆ ಹಳ್ಳ ಬೀಳಿಸಿದರೆ ಅದನ್ನು ಎರಡು ಮೂರು ಕಡೆ ಕತ್ತರಿಸಿ ಸಡಿಲಮಾಡಿ. ನುಣುಪು ಟೈಲ್ಸಿನ ನೆಲದ ಮೇಲೆ ಬರಿಯ ಕಾಲುಚೀಲದಲ್ಲಿ ನಡೆಯುವುದು ಬೇಡವೇ ಬೇಡ, ಜಾರುತ್ತದೆ. ಒಳಗೆ ಹಾಕುವ ರಬ್ಬರ್ ತಳದ ಚಪ್ಪಲಿ ಇರಲಿ. ಕಾಲುಂಗುರ ಬಿಗಿಯಾಗುತ್ತಿದ್ದರೆ ಅದರ ಬಾಯನ್ನು ಮೆಲ್ಲಗೆ ಅಗಲಿಸಿ. ಬೆರಳಿನ ಉಂಗುರವನ್ನು ಎಂಟನೆಯ ತಿಂಗಳಿಗೆ ಮೊದಲೇ ತೆಗೆದಿಡಿ. ಆಮೇಲೆ ಸಾಬೂನಿಗೂ ಬರುವುದಿಲ್ಲ.

ಬಟ್ಟೆಯಿಂದ ಹೋಗದ ಚಳಿಯೂ ಒಂದಿದೆ. ಎಷ್ಟು ಹೊದ್ದರೂ ಕೈಕಾಲು ತಣ್ಣಗೆ, ನಾಲ್ಕು ಹೆಜ್ಜೆಗೆ ಏದುಸಿರು, ಮುಖ ಬಿಳಿಚಿದೆ ಎಂದರೆ ಅದು ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನೂರು ಗರ್ಭಿಣಿಯರಲ್ಲಿ ಐವತ್ತೆರಡು ಮಂದಿಗೆ ಅದು ಇದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅವರಿಗೆ ಬೇಕಾದದ್ದು ಇನ್ನೊಂದು ಶಾಲಲ್ಲ, ಕಬ್ಬಿಣದ ಮಾತ್ರೆ. ಥೈರಾಯ್ಡ್ ಕೊರತೆಯಲ್ಲೂ ಹೀಗೆಯೇ ಚಳಿ ಹತ್ತುತ್ತದೆ, ಒಂದು ರಕ್ತಪರೀಕ್ಷೆ ಅದನ್ನು ಹೇಳಿಬಿಡುತ್ತದೆ. ಮೈ ನಡುಗಿ ಜ್ವರ ಬಂದರೆ, ಮೂತ್ರ ಮಾಡುವಾಗ ಉರಿಯಿದ್ದರೆ, ಅದನ್ನು ಹವೆಯ ಮೇಲೆ ಹಾಕಬೇಡಿ. ಮುಖ, ಕೈ ಇದ್ದಕ್ಕಿದ್ದಂತೆ ಊದಿ ತಲೆನೋವು ಬಂದರೆ, ಕಣ್ಣು ಮಂಜಾದರೆ, ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮಗಳ ಬಾಣಂತನಕ್ಕೆಂದು ಹಿಮ ಬೀಳುವ ದೇಶಕ್ಕೆ ಹೊರಡುವ ತಾಯಂದಿರು ಈಗ ನಮ್ಮ ಬೀದಿ ಬೀದಿಯಲ್ಲಿದ್ದಾರೆ. ಅವರಿಗೊಂದು ಮಾತು. ಅಲ್ಲಿ ಮನೆ, ಕಾರು, ಅಂಗಡಿ ಎಲ್ಲದರ ಒಳಗೂ ಬೆಚ್ಚಗಿರುತ್ತದೆ. ಹೊರಗಿನ ದಪ್ಪ ಕೋಟಿಗೂ ಮೇಲೆ ಹೇಳಿದಂಥ ನಡುಪಟ್ಟಿಯನ್ನೇ ಜೋಡಿಸಬಹುದು. ಆದರೆ ಕಾರಿನಲ್ಲಿ ಕೂತಾಗ ಆ ಕೋಟಿನ ಗುಂಡಿ ಬಿಚ್ಚಿ, ಸೊಂಟದ ಬೆಲ್ಟು ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ, ಭುಜದ ಬೆಲ್ಟು ಎದೆಯ ನಡುವೆ ಬರುವಂತೆ ಹಾಕಿಕೊಳ್ಳಲಿ. ದಪ್ಪ ಕೋಟಿನ ಮೇಲೆ ಹಾಕಿದ ಬೆಲ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಇಲ್ಲಿನ ಕಾರುಗಳಿಗೂ ಇದು ಅನ್ವಯಿಸುತ್ತದೆ.

ಇನ್ನು, ಮುಂದೆ ತೆರೆಯುವ ಉಡುಪಿನ ಬಗ್ಗೆ ಮೊದಲೇ ಹೇಳಿದ್ದೆ. ಹೆರಿಗೆಯಾದ ಕೂಡಲೇ ಅದರ ನಿಜವಾದ ಕೆಲಸ ಶುರುವಾಗುತ್ತದೆ. ಆಗ ತಾನೇ ಹುಟ್ಟಿದ ಕೂಸು ಒದ್ದೆ ಮೈಯಲ್ಲಿ ಬಹಳ ಬೇಗ ತಣ್ಣಗಾಗುತ್ತದೆ. ತೂಕ ಕಡಿಮೆಯಿದ್ದರೆ ಇನ್ನೂ ಬೇಗ. ಅದಕ್ಕೆ ಸಿಗುವ ಅತ್ಯುತ್ತಮ ಬೆಚ್ಚನೆಯ ಜಾಗ ತಾಯಿಯ ಎದೆ. ಕೂಸನ್ನು ಒರೆಸಿ, ಲಂಗೋಟಿ ಟೊಪ್ಪಿ ಮಾತ್ರ ಹಾಕಿ, ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ಮೇಲೆ ಹೊದಿಸುವ ಈ ಕ್ರಮ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಆರಂಭವಾಯಿತು. ಕಾಂಗರೂ ತಾಯಿ ಆರೈಕೆ ಎಂದು ಅದಕ್ಕೆ ಹೆಸರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ವ್ಯಾಪಕವಾಗಿ ಬಳಕೆಗೆ ತರುವ ಪ್ರಯತ್ನ ನಡೆದಿದೆ. ಅವಧಿಗೆ ಮೊದಲು ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಬೆನ್ನಿನಲ್ಲಿ ಹುಕ್ಕಿರುವ ರವಿಕೆ, ತಲೆಯ ಮೇಲಿಂದ ಹಾಕುವ ಸ್ವೆಟರು, ಕುತ್ತಿಗೆಯವರೆಗೆ ಮುಚ್ಚಿದ ನೈಟಿ ಹಾಕಿದ ತಾಯಿ ಇದನ್ನು ಮಾಡುವುದು ಹೇಗೆ? ಮುಂದೆ ಹುಕ್ಕಿನ ರವಿಕೆ, ಅದರ ಮೇಲೆ ಪಟ್ಟಿ ಜೋಡಿಸಿದ ಗುಂಡಿಯ ಸ್ವೆಟರು ಇದ್ದರೆ ಕೂಸನ್ನು ಒಳಗಿಟ್ಟು ಗುಂಡಿ ಹಾಕಬಹುದು. ಆರು ತಿಂಗಳಿನಲ್ಲಿ ಹೊಟ್ಟೆಗೆಂದು ಹೊಲಿದ ಆ ಎಂಟು ಇಂಚಿನ ಪಟ್ಟಿ ಈಗ ಕೂಸಿನ ಬೆನ್ನಿಗೆ ಸರಿಹೋಗುತ್ತದೆ. ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಬಾಯಿ ಮುಚ್ಚದಿರಲಿ.

ಹಾಗಾಗಿ ಆಸ್ಪತ್ರೆಯ ಚೀಲವನ್ನು ಎಂಟು ತಿಂಗಳು ತುಂಬುವಾಗಲೇ ಕಟ್ಟಿಡಿ. ಆ ಸ್ವೆಟರು, ಮುಂದೆ ತೆರೆಯುವ ಮೂರು ಹತ್ತಿಯ ನೈಟಿ ಅಥವಾ ರವಿಕೆಗಳು, ಅಗಲ ಪಟ್ಟಿಯ ಎರಡು ಲಂಗ, ಕತ್ತರಿಸಿ ಸಡಿಲಮಾಡಿದ ಕಾಲುಚೀಲ, ತೊಳೆದು ಬಿಸಿಲು ಕಾಣಿಸಿದ ಒಂದು ಶಾಲು, ಕೂಸಿನ ಎರಡು ಟೊಪ್ಪಿ, ಹಳೆಯ ಮೆತ್ತನೆಯ ಸೀರೆಯ ತುಂಡುಗಳು. ಹೆರಿಗೆಯ ನಂತರದ ಮೊದಲ ಕೆಲವು ದಿನ ರಾತ್ರಿ ಹೊತ್ತು ಬಾಣಂತಿ ತೊಯ್ದುಹೋಗುವಷ್ಟು ಬೆವರುತ್ತಾಳೆ. ಮೈಯಲ್ಲಿ ಸೇರಿದ್ದ ನೀರು ಹೊರಹೋಗುವ ಬಗೆ ಅದು. ಆಗ ಅವಳ ಮೇಲೆ ಇನ್ನೊಂದು ಕಂಬಳಿ ಹಾಕಬೇಡಿ. ಒದ್ದೆ ರವಿಕೆ ಬದಲಿಸಿಕೊಡಿ. ಚೀಲದಲ್ಲಿ ಮೂರನೆಯದನ್ನು ಇಡಲು ಹೇಳಿದ್ದು ಅದಕ್ಕೇ.